ಒಂಬತ್ತು ಮಾತಿನ ಟೀಚರ್

ನಾಲ್ಕು ಬೆರಳಗಲದ ತಿಳಿನೀಲಿ ಬಟ್ಟೆಯ ಚೂರು. ಎರಡು ಮೂಲೆಗೆ ದಾರ ಹೊಲಿದು ಕತ್ತಿನ ಹಿಂದೆ ಕಟ್ಟಿದ್ದು. ಮುಂದೆ, ಗಂಟಲಿನ ತೂತಿನ ಮೇಲೆ, ಟೀಚರ್ ಉಸಿರು ಎಳೆದಾಗ ಅದು ಒಂಚೂರು ಒಳಗೆ ಹೋಗುತ್ತಿತ್ತು, ಬಿಟ್ಟಾಗ ಹೊರಗೆ ಉಬ್ಬುತ್ತಿತ್ತು. ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಬೇಗ ಬೇಗ ಆಡುತ್ತಿತ್ತು. ಕುಳಿತು ಸುಧಾರಿಸಿಕೊಂಡ ಮೇಲೆ ನಿಧಾನವಾಗುತ್ತಿತ್ತು. ಅವರ ಕೊನೆಯ ಆರು ವರ್ಷ ನಾನು ಅವರ ಮುಖಕ್ಕಿಂತ ಹೆಚ್ಚು ಆ ಬಟ್ಟೆಯನ್ನು ನೋಡಿಕೊಂಡೇ ಮಾತಾಡಿದ್ದೇನೆ. ನಗು, ಸಿಟ್ಟು, ಸುಸ್ತು ಎಲ್ಲ ಅದರಲ್ಲೇ ಗೊತ್ತಾಗುತ್ತಿತ್ತು. ಸ್ವರಪೆಟ್ಟಿಗೆ ತೆಗೆದ ಮೇಲೆ ಅವರಿಗೆ ಉಳಿದಿದ್ದ ದನಿ ನಾನು ಹಿಡಿದುಕೊಟ್ಟ ಒಂಬತ್ತು ಮಾತು ಮಾತ್ರ. ಅರವತ್ತನಾಲ್ಕು ಇರಬೇಕಾಗಿತ್ತು. ಐವತ್ತೈದು ಕಡಿಮೆಯಾದದ್ದು ನನ್ನ ಕೈಯಿಂದ.

ನಾನು ಬ್ರಹ್ಮಾವರದ ಕಡೆಯವನು. ಬಾಡಿಗೆಯ ಎರಡು ಹಾರ್ನ್ ಮತ್ತು ಒಂದು ಹಳೇ ಆಂಪ್ಲಿಫೈಯರ್ ಇಟ್ಟುಕೊಂಡು ಮೈಕ್ ಕಟ್ಟಲು ಶುರುಮಾಡಿ, ಕುಂದಾಪುರದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿದವನು. ಓದಿದ್ದು ಕಡಿಮೆ. ಎದುರಿನವರು ಎಷ್ಟಕ್ಕೆ ಒಪ್ಪುತ್ತಾರೆ ಎನ್ನುವುದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತದೆ. ನನ್ನ ಬಂಡವಾಳ ಅಷ್ಟೇ. ಆ ಬಂಡವಾಳ ಮೊದಲ ಸಲ ಕೈಕೊಟ್ಟದ್ದು ಈ ಟೀಚರ ಎದುರು.

ಬೈಂದೂರಿನ ಶಾಲೆಯೊಂದರಲ್ಲಿ ಮೂರು ದಶಕ ಲೆಕ್ಕ ಕಲಿಸಿ ನಿವೃತ್ತರಾಗಿದ್ದವರು. ತರಗತಿಯ ಮಕ್ಕಳು ಒಟ್ಟಾಗಿ ಮಗ್ಗಿ ಹೇಳಿದ ಎರಡು ಹಳೇ ಕ್ಯಾಸೆಟ್ ತಂದಿದ್ದರು, ಕಂಪ್ಯೂಟರಿಗೆ ಹಾಕಿಸಲಿಕ್ಕೆ. ನಾನು ಎಲ್ಲ ಗಿರಾಕಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ.

"ಟೀಚರೇ, ಕಾಣಿ, ಉಗುರಷ್ಟ್ ಕಾರ್ಡ್. ಇದ್ರಲ್ಲಿ ಸಾವ್ರ ಹಾಡ್ ಹಿಡ್ಸಿ ಕೊಡ್ತೆ."

"ಹಿಡಿಲಿ. ಹಿಡ್ಸುಕೆ ಎಂತ ಬಿಸಾಡ್ತ್ರಿ?"

"ಬಿಸಾಡುದಾ? ಎಂತದೂ ಇಲ್ಲ."

"ಹ್ವಾಯ್, ಚೀಲ ಸಣ್ಣ ಮಾಡ್ಕಂದ್ರೆ ಅಕ್ಕಿ ಕಡ್ಮಿ ಮಾಡ್ಕ್. ನಂಗೆ ಲೆಕ್ಕ ಹೇಳ್ಬೇಡಿ. ನಾನ್ ಲೆಕ್ಕದ ಟೀಚರ್."

ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಗುಂಡಿ ಒತ್ತಿದರೆ ಫೈಲು ಸಣ್ಣದಾಗುತ್ತದೆ ಎಂಬುದು ಗೊತ್ತಿತ್ತು. ಏನು ಕಳೆದು ಸಣ್ಣದಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಅವರು ಕ್ಯಾಸೆಟ್ ಅನ್ನು ಒಂದಿಷ್ಟೂ ಸಣ್ಣ ಮಾಡದೆ, ಇದ್ದ ಹಾಗೇ ಹಾಕಿಸಿಕೊಂಡು, ಅದೂ ನನ್ನ ದರಕ್ಕಲ್ಲ, ಅವರ ದರಕ್ಕೆ, ಹೊರಟುಹೋದರು.

ಆಮೇಲೆ ಬರುತ್ತಾ ಹೋಗುತ್ತಾ ಪರಿಚಯವಾಯಿತು. ಒಂದು ಭಾನುವಾರ ಸಂಜೆ ಕೋಡಿಯಲ್ಲಿ ಸಣ್ಣ ಸಭೆಗೆ ಮೈಕ್ ಕಟ್ಟಿದ್ದೆ. ಟೀಚರ್ ಮಾತಾಡಲು ಬಂದಿದ್ದರು. ಸಭೆ ಮುಗಿದು ವಯರು ಸುತ್ತುತ್ತಿದ್ದಾಗ, ನಾಚಿಕೆ ಬಿಟ್ಟು ಕೇಳಿದೆ: ಶಬ್ದ ಕಂಪ್ಯೂಟರಿನೊಳಗೆ ಅಂಕೆಯಾಗಿ ಕುಳಿತುಕೊಳ್ಳುವುದು ಹೇಗೆ? ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ನನ್ನನ್ನು ಹೊಳೆಬಾಯಿಯ ಅಂಚಿಗೆ ಕರೆದುಕೊಂಡು ಹೋದರು. ಗಾಳಿಮರದ ಒಂದು ಕೋಲನ್ನು ನೀರಿನ ಅಂಚಿನ ಹೊಯಿಗೆಯಲ್ಲಿ ಊರಿದರು.

"ಇದ್ ನಿಮ್ಮ ಮೈಕ್. ನೀರ್ ಏರತ್ತ್, ಇಳಿತ್ತ್. ಕೋಲಿನ ಎಷ್ಟನೇ ಗೀಟಿಗೆ ಬಂತ್ ಅಂತ ಕಂಡ್ ಕಂಡ್ ಬರ್ಕಣಿ. ನಾವ್ ಮಾತಾಡ್ರೆ ಗಾಳಿಯ ಒತ್ತೂ ಹೀಂಗೇ ಏರತ್ತ್, ಇಳಿತ್ತ್. ಕಂಪ್ಯೂಟರ್ ಅದನ್ನ ಅಳ್ದ್ ಬರೀತ್ತ್. ಶಬ್ದ ಅಂದ್ರೆ ಆ ಅಂಕೆಯ ಪಟ್ಟಿ, ಅಷ್ಟೇ. ಸ್ಪೀಕರ್ ಪಟ್ಟಿ ಓದಿ ಗಾಳಿನ ವಾಪಾಸ್ ದೂಡತ್ತ್."

"ಎಷ್ಟ್ ಹೊತ್ತಿಗೊಂದ್ ಸಲ ಬರೂದ್?"

"ಈಗ ಸಮಾ ಕೇಂಡ್ರಿ. ದಿನಕ್ಕೆ ಎರಡ್ ಸಲ ನೀರ್ ಏರತ್ತ್. ನೀವ್ ಸೋಂಬೇರಿ ಮಾಡಿ, ಬರೀ ಏರಿದ ಹೊತ್ತಿಗೆ ಬಂದ್ ಬರ್ಕಂಡ್ ಹೋದ್ರೆ ಪುಸ್ತಕದಲ್ಲಿ ಎಂತ ಇರತ್ತ್?"

"ಎಲ್ಲ ಒಂದೇ ಅಳತಿ."

"ಅಂದ್ರೆ ಸಮುದ್ರ ಅಲ್ಲಾಡುದೇ ಇಲ್ಲ ಅಂತ ಆಯ್ತ್. ನೀವ್ ಬರ್ದದ್ ಒಂದೊಂದೂ ನಿಜ. ಆದ್ರೂ ಪಟ್ಟಿ ಸುಳ್ಳ್."

ನಂತರ ಅಲೆ ತೋರಿಸಿದರು. ನೀರು ಏರಿಳಿಯುವುದು ದಿನಕ್ಕೆ ಎರಡು ಸಲವಾದರೆ ಅದರ ಮೇಲಿನ ಸಣ್ಣ ಅಲೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದು ಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಗಂಟೆಗೊಮ್ಮೆ ನೋಡಿದರೆ ಸಾಲದು. ಮಾತಿನಲ್ಲಿಯೂ ಹಾಗೆ. 'ಓ' ಎಂದರೆ ದೊಡ್ಡ ನಿಧಾನದ ಅಲೆ. 'ಸ' ಎಂದರೆ ಸಣ್ಣ ಸಣ್ಣ ಅವಸರದ ಅಲೆ. ಯಾವ ಅಲೆಯನ್ನೇ ಆಗಲಿ, ಅದು ಒಮ್ಮೆ ಏರಿಳಿಯುವುದರೊಳಗೆ ಎರಡು ಸಲಕ್ಕಿಂತ ಹೆಚ್ಚು ಅಳೆಯಬೇಕು, ಇಲ್ಲದಿದ್ದರೆ ಅದು ಪಟ್ಟಿಯಲ್ಲಿ ಇರುವುದಿಲ್ಲ. ಹಳೇ ಫೋನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯುತ್ತದೆ, ಹಾಡಿನ ಸಿಡಿ ನಲವತ್ತನಾಲ್ಕು ಸಾವಿರದ ನೂರು ಸಲ. ಕೋಲಿನ ಗೀಟು ಗೇಣಿಗೊಂದೇ ಇದ್ದರೆ ಸಣ್ಣ ವ್ಯತ್ಯಾಸ ಸಿಕ್ಕುವುದಿಲ್ಲ. ಕೂದಲೆಳೆಗೊಂದು ಇದ್ದರೆ ಪಿಸುಮಾತೂ ಸಿಗುತ್ತದೆ.

"ಮತ್ತೆ ಕೋಲ್ ಗಿಡ್ಡ ಆಯ್ತೋ, ನೀರ್ ತಲೆ ಮೇಲೆ ಹೋದ್ರೂ ನೀವ್ ತುದಿಯ ಗೀಟೇ ಬರೀಕ್. ಜೋರಾಯ್ಲಿ ಅಂತ ಕಿವಿ ತಿರುಪಿದ್ರೆ ಆಪುದ್ ಅದೇ," ಎಂದು ನನ್ನ ಆಂಪ್ಲಿಫೈಯರ್ ಕಡೆಗೆ ನೋಡಿದರು.

ಇಷ್ಟು ಚೆನ್ನಾಗಿ ಕಲಿತವನು ಮುಂದೆ ಅದೇ ತಪ್ಪು ಮಾಡಿದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ.

ಟೀಚರಿಗೆ ಮದುವೆಯಾಗಿರಲಿಲ್ಲ. ಬಸ್ರೂರಿನಲ್ಲಿ ಅವರ ಅಕ್ಕನ ಜೊತೆ ಇದ್ದರು. ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿತ್ತು. ಮನೆಯೊಳಗೆ ಅವರು ನಡೆಯುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಔಷಧ ತೆಗೆದುಕೊಳ್ಳುತ್ತಿದ್ದದ್ದು ಎಲ್ಲ ತಂಗಿಯ ದನಿ ಹಿಡಿದುಕೊಂಡು. ಆ ದನಿ ಒರಟಾಗುತ್ತಾ ಬಂತು. ಆರು ತಿಂಗಳು ಶೀತ ಎಂದರು, ಆಮೇಲೆ ಪರೀಕ್ಷೆಯಾಯಿತು, ಸ್ವರಪೆಟ್ಟಿಗೆಯಲ್ಲಿ ಗಡ್ಡೆ. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿ ಇಲ್ಲ. ಟೀಚರ್ ತೆಗೆಯುವುದಕ್ಕೆ ಒಪ್ಪಿ, ಆಸ್ಪತ್ರೆಯಿಂದ ಸೀದಾ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಒಂದು ನೋಟುಪುಸ್ತಕ.

"ಇದ್ರಲ್ಲಿ ಅರವತ್ನಾಕ್ ಮಾತ್ ಇತ್ತ್. ನನ್ ದನಿಯಲ್ಲಿ ಹಿಡ್ದ್ ಕೊಡ್ಕ್. ಫೋನ್ ಒತ್ರೆ ಹೇಳ್ಕ್. ಅಕ್ಕನಿಗೆ."

"ನಿಮ್ಮ ಹೆಜ್ಜೆ ಸಪ್ಪಳ ಅವ್ರಿಗೆ ಗೊತ್ತಾತ್ತ್ ಅಲ್ದಾ ಟೀಚರೇ?"

"ಗೊತ್ತಾತ್ತ್. ಗಂಜಿ ಬಿಸಿ ಇತ್ತ್ ಅಂತ ಹೆಜ್ಜೆಯಲ್ಲಿ ಹೇಳುಕಾತ್ತಾ?"

ಪುಸ್ತಕ ಓದಿದೆ. 'ಅಕ್ಕಾ, ನಾನೇ. ಬಂದೆ.' 'ಬಿಸಿ ಇತ್ತ್, ಉರುಬಿ ಉಣ್ಣ್.' 'ಮೆಟ್ಲ್ ಇತ್ತ್, ಕಾಲೆತ್ತ್.' 'ಇವತ್ತ್ ಏಕಾದಶಿ.' 'ಬೈಂದೂರಿಗೆ ಹೋಯಿ ಬತ್ತೆ, ಸಂಜಿಯೊಳ್ಗೆ ಬತ್ತೆ.' 'ನಂಗೆ ಸಿಟ್ಟಿಲ್ಲ ಮಾರಾಯ್ತಿ.' ಒಬ್ಬರಿಗೊಬ್ಬರು ಇಡೀ ದಿನ ಏನು ಮಾತಾಡುತ್ತಾರೋ ಅದೆಲ್ಲ, ಶಾಲೆಯ ಟೈಮ್‌ಟೇಬಲಿನಂತೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಾಲಾಗಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಮಧ್ಯಾಹ್ನ ಕೂತೆವು. ನಾಲ್ಕು ಮಾತಿಗೊಮ್ಮೆ ಬಿಸಿನೀರು ಕುಡಿದು, ಗಂಟಲು ಹಿಡಿದುಕೊಂಡು, ಅರವತ್ತನಾಲ್ಕೂ ಹೇಳಿ ಮುಗಿಸಿದರು. ಆಸ್ಪತ್ರೆಗೆ ಸೇರುವ ದಿನಕ್ಕೆ ಇನ್ನೆರಡೇ ದಿನ ಇತ್ತು.

ನನ್ನ ದಿನನಿತ್ಯದ ಕೆಲಸ ಏನೆಂದರೆ, ಆಟೋದ ಮೇಲೆ ಹಾರ್ನ್ ಕಟ್ಟಿ ಊರೆಲ್ಲ ಸುತ್ತುವ ಪ್ರಚಾರದ ಮಾತನ್ನು ತಯಾರು ಮಾಡುವುದು. ಹಾರ್ನಿಗೆ ನಯ ಬೇಡ, ಪೇಟೆಯ ಗದ್ದಲ ಮೀರಿ ಕೇಳಬೇಕು ಅಷ್ಟೇ. ಅದಕ್ಕೆ ಸೆಕೆಂಡಿಗೆ ಎಂಟು ಸಾವಿರ ಅಳತೆ, ಮಟ್ಟ ತುತ್ತತುದಿಗೆ, ಉಸಿರಿನ ಸದ್ದು ಪೂರಾ ಒರಸಿ ತೆಗೆ, ಕೂಡಲೇ ಸಣ್ಣ ಫೈಲು ಮಾಡು: ಹೀಗೆ ಕಂಪ್ಯೂಟರಿನಲ್ಲಿ ಒಂದೇ ಗುಂಡಿಗೆ ಎಲ್ಲ ಕಟ್ಟಿಟ್ಟಿದ್ದೆ. ಟೀಚರ ಮಾತಿಗೂ ಅದೇ ಗುಂಡಿ ಒತ್ತಿದೆ. ಮರೆತು ಅಲ್ಲ. ಜೋರಾಗಿರುತ್ತದೆ, ಚೊಕ್ಕ ಇರುತ್ತದೆ, ಕಣ್ಣು ಕಾಣದವರಿಗೆ ಒಳ್ಳೆಯದೇ ಎಂದು ಯೋಚಿಸಿಯೇ ಒತ್ತಿದೆ. ನನ್ನ ಜಾಣತನದ ಮೇಲೆ ನನಗೆ ಅಷ್ಟು ನಂಬಿಕೆ.

ಟೀಚರ್ ಸುಮ್ಮನೆ ಒಪ್ಪಿಕೊಳ್ಳುವವರಲ್ಲ. "ಪರೀಕ್ಷೆ ಆಯ್ಕ್," ಎಂದರು. ಸಂಜೆ ಅವರ ಮನೆಗೆ ಹೋದೆವು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಟೀಚರ್ ನನಗೆ ಸನ್ನೆ ಮಾಡಿ, ತಾವು ಚಾವಡಿಯಲ್ಲಿ ಉಸಿರು ಬಿಗಿಹಿಡಿದು ನಿಂತು ಫೋನ್ ಒತ್ತಿದರು.

'ಅಕ್ಕಾ, ನಾನೇ. ಬಂದೆ.'

ಅಕ್ಕ ಕೈ ನಿಲ್ಲಿಸಿ ತಲೆ ಎತ್ತಿದರು. "ಯಾರ್ ಅದ್? ಎಂತ ಮಾರುದಂಬ್ರ್?"

ಟೀಚರ್ ಇನ್ನೊಂದು ಒತ್ತಿದರು. 'ಬಿಸಿ ಇತ್ತ್, ಉರುಬಿ ಉಣ್ಣ್.'

"ಹ್ವಾಯ್, ನಮ್ಗೆಂತ ಬ್ಯಾಡ. ಮುಂದಿನ ಮನೆಗೆ ಹೋಯ್ನಿ," ಎಂದರು ಅಕ್ಕ, ಮತ್ತೆ ಬೆಳ್ಳುಳ್ಳಿ ಕಡೆಗೆ ತಿರುಗಿ.

ನಾನು ನಗಲು ಹೋದೆ. ಟೀಚರ ಮುಖ ಕಂಡು ನಿಲ್ಲಿಸಿದೆ. ಅವರು ನನ್ನನ್ನು ಬೈಯಲಿಲ್ಲ. ಉಳಿದಿದ್ದ ಒಡೆದ ದನಿಯಲ್ಲಿ ಕೇಳಿದ್ದು ಒಂದೇ: "ಎಷ್ಟ್ ಸಲ ಅಳ್ದಿರಿ?"

"ಎಂಟ್ ಸಾವ್ರ."

"ಉಸಿರು?"

"ಒರಸಿದೆ. ಆರೆ ಟೀಚರೇ, ಅದನ್ನ ಈಗ ನಲವತ್ನಾಕ್ ಸಾವ್ರ ಮಾಡುಕಾತ್ತ್, ಸಾಫ್ಟ್‌ವೇರ್ ಇತ್ತ್..."

"ನಡುವಿನ ಅಂಕೆ ಅದೆಲ್ಲಿಂದ ತತ್ತ್? ಊಹಿಸಿ ತುಂಬತ್ತ್. ನಾನ್ ಹೇಳದ್ ಅದ್ಕೆ ಹ್ಯಾಂಗೆ ಗೊತ್ತ್?"

ಅವರ 'ಸ'ಕಾರದಲ್ಲಿ ಒಂದು ಸೀಟಿಯಂಥ ಎಳೆ ಇತ್ತು, ಮಾತಿಗೆ ಮುಂಚೆ ಸಣ್ಣದೊಂದು ಉಸಿರೆಳೆತ ಇತ್ತು. ಅಕ್ಕ ತಂಗಿಯನ್ನು ಗುರುತು ಹಿಡಿಯುತ್ತಿದ್ದದ್ದು ಅದರಿಂದ. ನಾನು ಅದನ್ನೇ ಕಸ ಎಂದು ಗುಡಿಸಿ ಬಿಸಾಡಿದ್ದೆ. ಮೂಲವನ್ನು ಬೇರೆ ಇಟ್ಟಿರಲೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ, ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಎಲ್ಲ ಕಟ್ಟಿಕೊಂಡು ಅವರ ಮನೆಗೇ ಹೋದೆ. ಫ್ರಿಜ್ಜು, ಫ್ಯಾನು ಆರಿಸಿದೆ. ಕಿಟಕಿಗೆ ಕಂಬಳಿ ಹಾಕಿದೆ. ಅಳತೆ ಪೂರ್ತಿ, ಗೀಟು ನುಣ್ಣಗೆ, ಮಟ್ಟ ಅರ್ಧಕ್ಕಿಂತ ಕೆಳಗೆ. ಆದರೆ ಟೀಚರ ಗಂಟಲು ಆ ಎರಡು ಮಧ್ಯಾಹ್ನದಲ್ಲೇ ಮುಗಿದಿತ್ತು. ಹೆಚ್ಚೆಂದರೆ ಎಂಟೋ ಹತ್ತೋ ಮಾತು. ಅವರು ನೋಟುಪುಸ್ತಕ ತೊಡೆಯ ಮೇಲಿಟ್ಟು ಕೆಂಪು ಪೆನ್ನು ತೆಗೆದರು. ಪರೀಕ್ಷೆಯ ಕಾಗದ ತಿದ್ದುವ ಹಾಗೆ ಒಂದೊಂದನ್ನೇ ಹೊಡೆಯುತ್ತಾ ಬಂದರು. ಏಕಾದಶಿ ಹೋಯಿತು. ಬೈಂದೂರು ಹೋಯಿತು. 'ನಂಗೆ ಸಿಟ್ಟಿಲ್ಲ ಮಾರಾಯ್ತಿ' ಎನ್ನುವಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು, ಅದೂ ಹೋಯಿತು. ಎಂಟು ಉಳಿಯಿತು.

ಬಾಗಿಲಲ್ಲಿದ್ದ ಅಕ್ಕ ಕೇಳಿದರು: "ಬೈಗುಳ ಇಟ್ಯಾ ಹೆಣ್ಣೆ?"

ಟೀಚರ್ ಇಲ್ಲ ಎಂದು ತಲೆಯಾಡಿಸಿದರು. ಅಕ್ಕನಿಗೆ ಕಾಣುವುದಿಲ್ಲವಲ್ಲ, ನಾನು ಹೇಳಿದೆ: "ಇಲ್ಲೆ ಅಂಬ್ರ್."

"ಒಂದ್ ಇಡ್ಸಿ ಮಾರಾಯ್ರೆ. ದಿನಕ್ಕೆ ಹತ್ತ್ ಸಲ ಬೈತಿದ್ಲ್. ಬರೀ ಉಣ್ಣ್, ಮನಿಕೋ ಅಂದ್ರೆ ಆಸ್ಪತ್ರೆ ನರ್ಸ್ ಹಾಂಗೆ ಆತ್ತ್."

ಟೀಚರ್ ನಕ್ಕರು, ದನಿಯಿಲ್ಲದೆ, ಭುಜ ಕುಣಿಸಿ. ಪುಸ್ತಕದಲ್ಲಿ ಒಂಬತ್ತನೆಯದು ಬರೆದುಕೊಂಡರು. ಎಂಟನ್ನೂ ಹೇಗೋ ಹೇಳಿ ಮುಗಿಸಿ ಕೊನೆಗೆ ಅದನ್ನು ಹೇಳಿದರು: 'ಎಂತ ಮಾರಾಯ್ತಿ, ಎಷ್ಟ್ ಸಲ ಹೇಳುದ್ ನಿಂಗೆ!' 'ಸಲ' ಎನ್ನುವಲ್ಲಿ ದನಿ ಒಡೆಯಿತು, ಕೊನೆಯ 'ನಿಂಗೆ' ಬರೀ ಉಸಿರು. ನಾನು ಇನ್ನೊಂದು ಸಲ ಎಂದು ಬೆರಳು ಎತ್ತಿದೆ. ಟೀಚರ್ ಅಂಗೈ ತೋರಿಸಿದರು, ಸಾಕು. ಹಿಡಿದದ್ದನ್ನು ಹಾಕಿ ಕೇಳಿಸಿದೆ. ಅಕ್ಕ ಬಾಗಿಲಿನ ದಾರಂದ ಹಿಡಿದು ಎದ್ದು ನಿಂತರು.

"ಅದೇ. ಅವಳೇ ಅದ್. ಇನ್ನ್ ಮುಟ್ಬೇಡಿ ನೀವ್."

ಮುಟ್ಟಲಿಲ್ಲ. ಇದನ್ನು ಓದುವವರಿಗೂ ಹೇಳುತ್ತೇನೆ, ಮನೆಯವರ ದನಿ ಹಿಡಿದಿಡುವುದಿದ್ದರೆ ಇವತ್ತೇ ಹಿಡಿದಿಡಿ, ಮನೆಯಲ್ಲೇ ಹಿಡಿಯಿರಿ. ಮಟ್ಟ ತಗ್ಗಿಸಿ ಹಿಡಿಯಿರಿ, ಆಮೇಲೆ ಏರಿಸಬಹುದು. ತುದಿ ಕತ್ತರಿಸಿಹೋದದ್ದು ಕೂಡಿಬರುವುದಿಲ್ಲ. ಮೂಲವನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಿ. ಕೆಮ್ಮು, ಉಸಿರು, ತೊದಲು ಯಾವುದನ್ನೂ ತೆಗೆಯಬೇಡಿ. ಯಾರಾದರೂ ಚೊಕ್ಕ ಮಾಡಿಕೊಡುತ್ತೇನೆ ಎಂದರೆ, ನಾನೇ ಹೇಳಿದರೂ, ಒಪ್ಪಬೇಡಿ.

ಶಸ್ತ್ರಚಿಕಿತ್ಸೆ ಆಯಿತು. ಫೋನಿನ ತೆರೆಯ ಮೇಲೆ ಒಂದರಿಂದ ಒಂಬತ್ತು ದೊಡ್ಡ ಅಂಕೆ ಬರುವಂತೆ ಮಾಡಿಕೊಟ್ಟೆ. ಒಂದು ಒತ್ತಿದರೆ 'ಅಕ್ಕಾ, ನಾನೇ. ಬಂದೆ.' ಒಂಬತ್ತು ಒತ್ತಿದರೆ ಬೈಗುಳ. ಟೀಚರ್ ಅದನ್ನು ಮನೆಯಲ್ಲಿ ಮಾತ್ರವಲ್ಲ, ನನ್ನ ಅಂಗಡಿಯಲ್ಲೂ ಬಳಸುತ್ತಿದ್ದರು. ಹೊಸ ಹೆಡ್‌ಫೋನಿಗೆ ನಾನು ದರ ಹೇಳಿದ ಕೂಡಲೇ ಗಂಭೀರವಾಗಿ ಫೋನ್ ತೆಗೆದು ಒಂಬತ್ತು ಒತ್ತುವುದು: 'ಎಂತ ಮಾರಾಯ್ತಿ, ಎಷ್ಟ್ ಸಲ ಹೇಳುದ್ ನಿಂಗೆ!' ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ಕತ್ತಿನ ನೀಲಿ ಬಟ್ಟೆ ಪಟಪಟ ಆಡುತ್ತಿತ್ತು, ಅದು ಅವರ ನಗು. ನಾನು ದರ ಇಳಿಸುತ್ತಿದ್ದೆ.

ಆದರೆ ಒಂಬತ್ತು ಮಾತಿನಲ್ಲಿ ಸಂಸಾರ ಹೇಗೆ ಸಾಗುತ್ತದೆ? ಒಂದು ದಿನ ಅವರ ಮನೆಯಲ್ಲಿ ನಾನೇ ಕಂಡೆ. ಅಕ್ಕ ಎಡವಿ ಹಾಲಿನ ಪಾತ್ರೆ ಚೆಲ್ಲಿದರು. ಟೀಚರ್ ನೆಲ ಒರಸಿದರು. ಅಕ್ಕ ಗೋಡೆ ಹಿಡಿದು ನಿಂತು ಕೇಳಿದರು, "ಸಿಟ್ಟ್ ಬಂತಾ ನಿಂಗೆ?" ಟೀಚರ್ ಫೋನ್ ತೆಗೆದರು. ಒಂಬತ್ತರಲ್ಲಿ ಯಾವುದೂ ಅದಕ್ಕೆ ಉತ್ತರ ಅಲ್ಲ. "ಹೇಳೆ, ಸಿಟ್ಟಾ?" ಎಂದು ಅಕ್ಕ ಮತ್ತೆ ಕೇಳಿದರು. ಟೀಚರ್ ಫೋನ್ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು, ಅಕ್ಕನ ಅಂಗೈ ತೆಗೆದು ತಮ್ಮ ಕೆನ್ನೆಗೆ ಹಚ್ಚಿ ಹಿಡಿದರು, ಅಕ್ಕನ ಮುಖ ಸಡಿಲವಾಗುವ ತನಕ. ಆ ಉತ್ತರ ಅವರ ಪುಸ್ತಕದಲ್ಲಿ ಇತ್ತು. ಕೆಂಪು ಗೆರೆಯ ಕೆಳಗೆ ಇತ್ತು. ನಾನು ಅಂಗಳಕ್ಕೆ ಇಳಿದು ಚೀಲದಲ್ಲಿದ್ದ ವಯರು ತೆಗೆದು ಸುಮ್ಮನೆ ಸುತ್ತಿದೆ.

ಒಮ್ಮೆ ಅಂಗಡಿಯಲ್ಲಿ ಕ್ಷಮಿಸಿ ಎಂದು ಕೇಳಿದ್ದೆ. ನನ್ನ ಕೈಯಿಂದ ಬಿಲ್ ಪುಸ್ತಕ ಎಳೆದುಕೊಂಡು ಅದರ ಹಿಂದೆ ಬರೆದರು: "ತಪ್ಪು ಉತ್ತರಕ್ಕೆ ನಾನು ಯಾರನ್ನೂ ಹೊಡೆದವಳಲ್ಲ. ಹೇಗೆ ತಪ್ಪಿತು ಎಂದು ಗೊತ್ತಾಗಿದೆಯಲ್ಲ, ಇನ್ನು ಬೇರೆಯವರಿಗೆ ಸರಿ ಮಾಡಿ." ಆ ಹಾಳೆ ನನ್ನ ಹತ್ತಿರ ಇದೆ. ಅಲ್ಲಿಂದ ಮುಂದೆ, ದನಿ ಹೋಗುವ ಕಾಯಿಲೆಯವರು ಯಾರು ಬಂದರೂ ನಾನು ಚೌಕಾಸಿ ಮಾಡಿಲ್ಲ. ಮೈಕ್ ಹೊತ್ತುಕೊಂಡು ಅವರ ಮನೆಗೇ ಹೋಗಿದ್ದೇನೆ.

ಕಳೆದ ವರ್ಷ ಜ್ವರ ಬಂದು, ಶ್ವಾಸಕೋಶಕ್ಕೆ ಇಳಿದು, ನಾಲ್ಕೇ ದಿನದಲ್ಲಿ ಟೀಚರ್ ಹೋದರು. ಸುದ್ದಿ ತಿಳಿದು ಮೂರನೆಯ ದಿನ ಬಸ್ರೂರಿಗೆ ಹೋದೆ. ಚಾವಡಿಯಲ್ಲಿ ನೆಂಟರು ಕುಳಿತಿದ್ದರು. ತಂಗಿ ಇಲ್ಲವಾದದ್ದನ್ನು ಅಕ್ಕನಿಗೆ ಹೇಳಿಯಾಗಿತ್ತು. ಅವರು ಒಳಕೋಣೆಯಲ್ಲಿ ಮಲಗಿದ್ದರು. ಟೀಚರ ತಮ್ಮನ ಮಗಳು ಇನ್ನು ಇಲ್ಲೇ ಅವರ ಜೊತೆ ಇರುವುದಾಗಿ ಹೇಳಿದಳು. ಅವಳ ಗಂಡ, ಉತ್ತರಕ್ರಿಯೆಗೆ ಯಾರ‍್ಯಾರಿಗೆ ಹೇಳಬೇಕು ಎಂದು ಟೀಚರ ಫೋನಿನಲ್ಲಿ ನಂಬರು ಹುಡುಕುತ್ತಿದ್ದರು. ಅವರ ಬೆರಳು ಒಂದರ ಮೇಲೆ ತಾಗಿತು.

'ಅಕ್ಕಾ, ನಾನೇ. ಬಂದೆ.'

"ಕಾಲ್ ತೊಳ್ಕಂಡ್ ಬಾ ಹೆಣ್ಣೆ," ಎಂದರು ಒಳಗಿನಿಂದ ಅಕ್ಕ.

ಒಳಗೆ ಮಂಚ ಕಿರ್ರೆಂದಿತು. ಎದ್ದು ಕುಳಿತರು ಅಂತ ಕಾಣುತ್ತದೆ. ಆಮೇಲೆ ಏನೂ ಕೇಳಲಿಲ್ಲ. ಆ ಮನುಷ್ಯ ಫೋನನ್ನು ಎದೆಗೆ ಒತ್ತಿ ಹಿಡಿದು, ತಾವೇ ಯಾರನ್ನೋ ಕೊಂದವರ ಹಾಗೆ ನನ್ನನ್ನು ನೋಡಿದರು.

ಬಹಳ ಹೊತ್ತಿನ ಮೇಲೆ ಅಕ್ಕ ನನ್ನನ್ನು ಕರೆದರು. ನಾನು ಬಂದಿದ್ದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಕೆಮ್ಮು ಕೇಳಿರಬೇಕು.

"ಮೈಕಿನವ್ರಾ? ಬನ್ನಿ. ಅದನ್ನ ನೀವ್ ತಕಂಡ್ ಹೋಯ್ನಿ."

"ಆಯ್ತ್ ಅಕ್ಕ."

"ಅಳ್ಸಿ ಹಾಕ್ಬೇಡಿ."

"ಇಲ್ಲೆ."

"ಸಣ್ಣ ಮಾಡ್ಬೇಡಿ. ನಂಗೀಗ ಕೇಂಬುಕಾತಿಲ್ಲೆ. ಯಾವತ್ತಾರೂ ಬೇಕಾರೆ ಹೇಳಿ ಕಳಿಸ್ತೆ, ಆವತ್ತ್ ತಕಂಡ್ ಬನ್ನಿ."

ಆ ಒಂಬತ್ತು ಮಾತು ಈಗ ಮೂರು ಕಡೆ ಇದೆ: ಅಂಗಡಿಯ ಕಪಾಟಿನಲ್ಲಿ, ನನ್ನ ಮನೆಯಲ್ಲಿ, ಮದುವೆಯಾದ ನನ್ನ ಮಗಳ ಮನೆಯಲ್ಲಿ. ಯಾವುದೂ ಒಂದು ಅಂಕೆಯಷ್ಟೂ ಕಡಿಮೆಯಾಗಿಲ್ಲ. ತಿಂಗಳಿಗೊಮ್ಮೆ ಮೂರನ್ನೂ ತೆರೆದು ಸರಿಯಿದೆಯೇ ಎಂದು ನೋಡುತ್ತೇನೆ. ಕೇಳುವುದಿಲ್ಲ. ಕೇಳುವ ಹಕ್ಕು ಒಬ್ಬರದೇ. ಅವರು ಇನ್ನೂ ಹೇಳಿ ಕಳಿಸಿಲ್ಲ.